ವಿ.ವಿ. ಗ್ರಂಥಾಲಯಗಳ ಕೋಹಾ ಬಳಕೆದಾರರ ಸಮಾವೇಶ ಏರ್ಪಡಿಸುವುದು ಹೇಗೆ?

ಹತ್ತಾರು ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಕೋಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶವನ್ನು ನೋಡಿಕೊಳ್ಳುವ ಗ್ರಂಥಾಲಯ ಮತ್ತು ಕಂಪ್ಯೂಟರ್ ಕೇಂದ್ರದ ಸಿಬ್ಬಂದಿಯನ್ನು ಎರಡು ದಿನ ಒಂದೆಡೆ ಸೇರಿಸಬೇಕು ಎಂದಿಟ್ಟುಕೊಳ್ಳಿ. 80 ಜನರ ಲೆಕ್ಕ ಹಿಡಿಯೋಣ.

ಮೊದಲು ದಿನಾಂಕ. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಬರುತ್ತದೆ. ಬಂದ ತಿಂಗಳಲ್ಲೇ ಸಮಾವೇಶ ಇಟ್ಟರೆ ಅದನ್ನು ಹಾಕಿ ನೋಡಿದವರೇ ಇರುವುದಿಲ್ಲ. ಎರಡು ಮೂರು ತಿಂಗಳು ಬಿಡಿ. ಫೆಬ್ರವರಿ ಆದರೆ ಮಾರ್ಚ್ ಲೆಕ್ಕದ ಗಡಿಬಿಡಿ, ಹಾಗಾಗಿ ಆಗಸ್ಟ್ ವಾಸಿ. ಗಣೇಶ ಹಬ್ಬ ಮಾತ್ರ ನೋಡಿಕೊಳ್ಳಿ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ, ಆ ದಿನ ಬರಲು ಯಾರಿಗೂ ಮನಸ್ಸಿರದು. ಗುರುವಾರ, ಶುಕ್ರವಾರ ಇಟ್ಟುಕೊಳ್ಳಿ. ಬೀದರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಬರುವವರಿಗಾಗಿ ಮೊದಲ ದಿನ ಹತ್ತೂವರೆಗೆ ಶುರು, ಎರಡನೇ ದಿನ ನಾಲ್ಕಕ್ಕೆ ಮುಕ್ತಾಯ.

ಆಹ್ವಾನ ಪತ್ರ ಆರು ವಾರ ಮೊದಲೇ ಕುಲಸಚಿವರ ಸಹಿಯೊಂದಿಗೆ ಹೋಗಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪೋಸ್ಟರ್ ತೋರಿಸಿದರೆ ಯಾರಿಗೂ ಓಓಡಿ (ಹೊರಗಿನ ಕೆಲಸವನ್ನೂ ಕರ್ತವ್ಯವೆಂದೇ ಲೆಕ್ಕ ಹಿಡಿಯುವ ಅನುಮತಿ) ಮಂಜೂರಾಗುವುದಿಲ್ಲ. ಪತ್ರದಲ್ಲಿ ದಿನಾಂಕ, ಸ್ಥಳ, ಶುಲ್ಕ, ವಸತಿ ಇದೆಯೋ ಇಲ್ಲವೋ, ಇಷ್ಟೂ ಇರಲಿ.

ಹಣದ ಲೆಕ್ಕ ಹೀಗೆ: ತಲೆಗೆ ದಿನಕ್ಕೆ ತಿಂಡಿ, ಊಟ, ಚಹಾ ಸೇರಿ 300 ರೂ. ಎಂದರೆ ಎರಡು ದಿನಕ್ಕೆ 48,000. ಕಿಟ್ಟು, ಪ್ರಮಾಣಪತ್ರಕ್ಕೆ ತಲೆಗೆ 100ರಂತೆ 8,000. ಒಟ್ಟು 56,000. ತಲೆಗೆ ಶುಲ್ಕ 800 ಇಟ್ಟರೆ 8,000 ಕೈಯಲ್ಲಿ ಉಳಿದು, ಬರದೆ ಉಳಿದವರ ಲೆಕ್ಕ ಸರಿದೂಗುತ್ತದೆ. ನಿಮ್ಮ ಊರಿನ ದರ ಹಾಕಿ ನೋಡಿ. ಹಣ ವಿಶ್ವವಿದ್ಯಾಲಯದ ಖಾತೆಗೇ ಬರಲಿ. ಅದಕ್ಕೆ ಹಣಕಾಸು ಅಧಿಕಾರಿಯ ಒಪ್ಪಿಗೆಯ ಕಡತ ಮೊದಲೇ ಓಡಾಡಬೇಕು. ಮೊಹರು ಹಾಕಿದ ರಸೀದಿ ಕೊಡಿ, ಯುಪಿಐ ಸ್ಕ್ರೀನ್‌ಶಾಟನ್ನು ಆಡಿಟ್‌ನವರು ಒಪ್ಪುವುದಿಲ್ಲ.

ನೋಂದಣಿ ಫಾರಂನಲ್ಲಿ ಮೂರು ಪ್ರಶ್ನೆ ಕಡ್ಡಾಯ: ಕೋಹಾದ ಯಾವ ಆವೃತ್ತಿ, ಎಷ್ಟು ಪುಸ್ತಕಗಳ ದಾಖಲೆ, ಬಗೆಹರಿಯದ ಒಂದು ಸಮಸ್ಯೆ. ಕಾರ್ಯಕ್ರಮ ಪಟ್ಟಿ ಹುಟ್ಟಬೇಕಾದ್ದು ಮೂರನೆಯ ಉತ್ತರದಿಂದಲೇ ಹೊರತು ಸಮಿತಿಯ ತಲೆಯಿಂದಲ್ಲ. ಉದ್ಘಾಟನೆಗೆ 20 ನಿಮಿಷ ಸಾಕು. ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲಕ್ಕೂ ಎದ್ದು ನಿಂತರೆ ಮೊದಲ ಗೋಷ್ಠಿ ಅಲ್ಲಿಗೇ ಮುಗಿಯಿತು.

ಕನ್ನಡ ದಾಖಲೆಗಳಿಗೆ ಅರ್ಧ ದಿನ ಮೀಸಲಿಡಿ, ಗೋಳು ಹೆಚ್ಚಿರುವುದು ಅಲ್ಲೇ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಶೀರ್ಷಿಕೆಗಳು ಯೂನಿಕೋಡ್‌ಗೆ ತಿರುಗದೆ ಹುಡುಕಾಟಕ್ಕೆ ಸಿಗುವುದಿಲ್ಲ. ತಿರುಗಿಸಿದ ಮೇಲೂ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ: ‘ರಾಜ್‌ಕುಮಾರ್’ ಎಂಬುದರ ಮಧ್ಯೆ ಜ್ ಮತ್ತು ಕು ಬೆಸೆಯದಂತೆ ತಡೆಯುವ ಒಂದು ಅದೃಶ್ಯ ಅಕ್ಷರ ಇರುತ್ತದೆ. ಅದಿಲ್ಲದೆ ‘ರಾಜ್ಕುಮಾರ್’ ಎಂದು ಹುಡುಕಿದವನಿಗೆ, ಇಂಡೆಕ್ಸ್ (ಹುಡುಕಾಟಕ್ಕೆ ಬಳಸುವ ಪದಸೂಚಿ) ಸೆಟ್ಟಿಂಗ್ ಸರಿಯಿಲ್ಲದಿದ್ದರೆ, ಪುಸ್ತಕ ಕಪಾಟಿನಲ್ಲಿದ್ದರೂ ಶೂನ್ಯ ಫಲಿತಾಂಶ. ಇದನ್ನು ಪರದೆಯ ಮೇಲೆ ಎರಡೂ ರೀತಿ ಟೈಪ್ ಮಾಡಿ ತೋರಿಸಿ. ಆಮೇಲೆ ಕೋಹಾದ ಹುಡುಕಾಟ ಯಂತ್ರವಾದ ಝೀಬ್ರಾದಲ್ಲಿ ಐಸಿಯು (ಯೂನಿಕೋಡ್ ಪಠ್ಯ ಸಂಭಾಳಿಸುವ ಸಾಧನ) ಇಂಡೆಕ್ಸಿಂಗ್ ಹಾಕಿ, ಇಂಡೆಕ್ಸನ್ನು ಪೂರ್ತಿ ಮರುನಿರ್ಮಿಸಿ, ಅದೇ ಎರಡು ಪದ ಮತ್ತೆ ಹುಡುಕಿ, ಏನು ಬದಲಾಯಿತೆಂದು ಎಲ್ಲರೂ ನೋಡಲಿ. ಮಾದರಿಗೆ 500 ದಾಖಲೆ ಸಾಕು; ಲಕ್ಷ ದಾಖಲೆ ಹಾಕಿದರೆ ಇಂಡೆಕ್ಸ್ ಮುಗಿಯುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತದೆ. ನಿಜವಾದ ಓದುಗರ ಹೆಸರು, ಮೊಬೈಲ್ ಸಂಖ್ಯೆ ಇರುವ ಡೇಟಾಬೇಸನ್ನು ಮಾತ್ರ ಪ್ರದರ್ಶನಕ್ಕೆ ತರಬೇಡಿ.

ಇನ್ನು ಯಂತ್ರ, ಜಾಲ. ಸಮಾವೇಶ ಕೆಡುವುದು ಹೆಚ್ಚಾಗಿ ಇಲ್ಲೇ. 80 ಜನರೆಂದರೆ ಫೋನು, ಲ್ಯಾಪ್‌ಟಾಪ್ ಸೇರಿ 160 ಸಾಧನ. ಒಂದೇ ವೈಫೈ ಆಕ್ಸೆಸ್ ಪಾಯಿಂಟ್ ನಂಬಬೇಡಿ, ಸಭಾಂಗಣಕ್ಕೆ ನಾಲ್ಕಾದರೂ ಬೇಕು. ಐಪಿ ವಿಳಾಸ 254 ಸಿಗುವ ಜಾಲದಲ್ಲಿ ಹಾಸ್ಟೆಲ್ಲೂ ಸೇರಿಕೊಂಡಿದ್ದರೆ ಮಧ್ಯಾಹ್ನದೊಳಗೆ ವಿಳಾಸ ಖಾಲಿ. ಸಮಾವೇಶಕ್ಕೆ ಬೇರೆ ವಿಎಲ್ಯಾನ್ (ಅದೇ ಜಾಲದೊಳಗೆ ಬೇರ್ಪಡಿಸಿದ ಪ್ರತ್ಯೇಕ ಜಾಲ) ಕೇಳಿ. ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ಬಳಸುವ 22 ಮತ್ತು ಕೋಹಾದ ಸಿಬ್ಬಂದಿ ಪುಟಕ್ಕೆ ಸಾಮಾನ್ಯವಾಗಿ ಬಳಸುವ 8080 ಪೋರ್ಟ್‌ಗಳನ್ನು ಫೈರ್‌ವಾಲ್ ತಡೆಯುತ್ತದೆಯೇ ಎಂದು ಹಿಂದಿನ ದಿನ ಅದೇ ಕೋಣೆಯಲ್ಲಿ ಕುಳಿತು ನೋಡಿ. ಎಲ್ಲರೂ ಒಟ್ಟಿಗೆ ಪ್ಯಾಕೇಜ್ ಇಳಿಸಿಕೊಳ್ಳುವ ಯೋಜನೆಯನ್ನಂತೂ ಬಿಟ್ಟೇಬಿಡಿ. ಡೆಬಿಯನ್ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ), ಕೋಹಾ ಹಾಕಿ ಸಿದ್ಧಪಡಿಸಿದ ವರ್ಚುವಲ್‌ಬಾಕ್ಸ್ ಇಮೇಜನ್ನು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ಫೈಲು) ಹತ್ತು ಪೆನ್‌ಡ್ರೈವ್‌ಗಳಲ್ಲಿ ಹಂಚಿ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಕಾಪಿಯೇ ಆಗದು, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಈ ಇಮೇಜ್ ಓಡಿಸಲು ಬೇಕಾದ ವರ್ಚುವಲೈಸೇಶನ್ ಬಯಾಸ್‌ನಲ್ಲೇ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಆಫ್ ಆಗಿರುವುದುಂಟು, ಬಯಾಸ್ ಪಾಸ್‌ವರ್ಡ್ ಗೊತ್ತಿರುವ ಸಿಬ್ಬಂದಿ ರಜೆಯಲ್ಲಿರುವುದೂ ಉಂಟು. ವಾರ ಮೊದಲೇ ಒಂದೊಂದನ್ನೂ ಆನ್ ಮಾಡಿ ಪರೀಕ್ಷಿಸಿ. ಎಂಟು ಜನರಿಗೊಂದು ಎಕ್ಸ್‌ಟೆನ್ಶನ್ ಬೋರ್ಡ್.

ಪ್ರಮಾಣಪತ್ರದ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಫಾರಂನಿಂದಲೇ ನಕಲಿಸಿ, ಕೈಯಲ್ಲಿ ಟೈಪ್ ಮಾಡಬೇಡಿ. ಹಾಜರಾತಿ ಪತ್ರ ಎರಡನೇ ದಿನದ ಊಟದ ನಂತರವೇ ಕೈಗೆ ಕೊಡಿ. ಮೊದಲೇ ಕೊಟ್ಟರೆ ಅರ್ಧ ಸಭಾಂಗಣ ಬಸ್‌ಸ್ಟ್ಯಾಂಡಿನಲ್ಲಿರುತ್ತದೆ. ಕೊನೆಯ ಚಹಾಕ್ಕೂ ಮುಂಚೆ ಮುಂದಿನ ವರ್ಷ ನಡೆಸಿಕೊಡುವ ವಿಶ್ವವಿದ್ಯಾಲಯದವರ ಹೆಸರು ಬರೆದುಕೊಂಡು, ಬಗೆಹರಿಯದೆ ಉಳಿದ ಸಮಸ್ಯೆಗಳ ಪಟ್ಟಿಯನ್ನು ಅವರ ಕೈಗೇ ಕೊಡಿ.