ಕೆನೆ ಬಣ್ಣವೋ, ಬೂದು ಬಿಳಿಯೋ: ಕೆಂಪು ನೆಲದ ಕೋಣೆಯಲ್ಲಿ ನಾನು ನೋಡಿದ್ದು

ಮೈಸೂರಿನ ನಮ್ಮ ಹಳೆ ಮನೆಯ ನಡುಕೋಣೆಗೆ ರೆಡ್ ಆಕ್ಸೈಡ್ ನೆಲ. ಕಿಟಕಿ ಒಂದೇ, ಅದೂ ಉತ್ತರಕ್ಕೆ. ಗೋಡೆಗೆ ತಿಳಿ ಬಣ್ಣ ಬೇಕು ಅನ್ನೋದರಲ್ಲಿ ತಕರಾರಿರಲಿಲ್ಲ. ಅಮ್ಮನಿಗೆ ಕೆನೆ ಬಣ್ಣ ಇಷ್ಟ, ನನಗೆ ಚೂರು ಬೂದು ಬೆರೆತ ಬಿಳಿ.

ಶೇಡ್ ಕಾರ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ಅಂಗಡಿಯಲ್ಲಿ ಎರಡರ ಸಣ್ಣ ಡಬ್ಬಿ ಮಾಡಿಸಿಕೊಂಡೆ. ಗೋಡೆಗೆ ನೇರವಾಗಿ ಹಚ್ಚಲಿಲ್ಲ. ಅಲ್ಲಿ ಹಳೆ ಹಸಿರು ಬಣ್ಣ ಇತ್ತು. ಹಸಿರಿನ ನಡುವೆ ಯಾವ ಬಿಳಿ ಹಚ್ಚಿದರೂ ಕಣ್ಣಿಗೆ ಸ್ವಲ್ಪ ಗುಲಾಬಿಯಾಗೇ ಕಾಣುತ್ತೆ. ದೊಡ್ಡ ರಟ್ಟುಗಳಿಗೆ ಪ್ರೈಮರ್ ಬಳಿದು, ಮೇಲೆ ಎರಡೆರಡು ಕೋಟ್ ಹೊಡೆದೆ. ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಈ ಗೋಡೆ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತೆ, ಅದಕ್ಕೇ ಮಾರನೇ ದಿನದವರೆಗೆ ತೀರ್ಮಾನದ ಮಾತೇ ಎತ್ತಲಿಲ್ಲ.

ಆಮೇಲೆ ರಟ್ಟುಗಳನ್ನು ಮೂಲೆಯಲ್ಲಿ, ಕಿಟಕಿ ಎದುರಿಗೆ, ಕಣ್ಣೆತ್ತರದಲ್ಲಿ ಹಿಡಿದು ನೋಡಿದೆ. ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ನೆಲಕ್ಕೆ ಇಳಿಸಿ ಗೋಡೆಗೆ ಒರಗಿಸಿದಾಗಲೇ ಕಂಡಿದ್ದು. ಬೆಳಕು ಕೆಂಪು ನೆಲಕ್ಕೆ ಬಡಿದು ಗೋಡೆಗೆ ಏರುತ್ತೆ, ಜೊತೆಗೆ ಕೆಂಪನ್ನೂ ಹೊತ್ತು ತರುತ್ತೆ. ಕೆನೆ ರಟ್ಟು ಮೊಣಕಾಲೆತ್ತರದವರೆಗೆ ಪೀಚ್ ಬಣ್ಣಕ್ಕೆ ತಿರುಗಿತ್ತು, ಮೇಲೆ ಹಳದಿ. ಬೂದು ಬಿಳಿ ಮಾತ್ರ ಆ ಕೆಂಪಿನಿಂದ ತನ್ನ ಮಂಕು ಕಳೆದುಕೊಂಡು ಹಾಲಿನ ಬಿಳಿಗೆ ಬಂದಿತ್ತು.

ಉತ್ತರದ ಕೋಣೆಗೆ ಬಿಸಿಲೇ ಬೀಳಲ್ಲ, ಬೂದು ಹಚ್ಚಬೇಡಿ ಅಂತ ಎಷ್ಟೋ ಕಡೆ ಹೇಳ್ತಾರೆ. ಅದು ಯುರೋಪಿನ ಲೆಕ್ಕ. ನಮ್ಮಲ್ಲಿ ಸುಮಾರು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನ ಕೂಡ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರ್ತಾನೆ. ಮೋಡ ಇಲ್ಲದ ದಿನ ಬೆಳಗ್ಗೆ, ಸಂಜೆ ಆ ಕಿಟಕಿಯಿಂದ ಓರೆ ಬಿಸಿಲು ಒಳಗೆ ಬರುತ್ತೆ.

ರಾತ್ರಿಯದ್ದು ಬೇರೆ ಕಥೆ. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳ್ತಾರೆ: ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿ ಕಡೆಗೆ, ಕಡಿಮೆಯಾದಷ್ಟೂ ಹಳದಿ ಕಡೆಗೆ. 6500 ಕೆಲ್ವಿನ್ ಟ್ಯೂಬ್‌ಲೈಟಿನಲ್ಲಿ ನನ್ನ ಬಣ್ಣ ಆಸ್ಪತ್ರೆ ಗೋಡೆ ಥರ ಆಯಿತು. 3000ದ ಬಲ್ಬ್ ಹಾಕಿದರೆ ಎರಡೂ ಹಳದಿ, ಯಾವುದು ಯಾವುದೋ ಗೊತ್ತಾಗಲಿಲ್ಲ. "ದೀಪ ಬದಲಾಯಿಸಬಹುದು ಕಣೋ, ನೆಲ ಬದಲಾಯಿಸೋಕಾಗುತ್ತಾ? ನಿಂದೇ ಹಚ್ಚು," ಅಂದರು ಅಮ್ಮ. ಬೂದು ಬಿಳಿಯೇ ಹಚ್ಚಿ 4000 ಕೆಲ್ವಿನ್ ದೀಪ ಹಾಕಿದೆ. ಫಿನಿಶ್ ಮ್ಯಾಟ್, ಹಳೆ ಗೋಡೆಯ ಉಬ್ಬುತಗ್ಗು ಹೊಳಪಿನಲ್ಲಿ ಜಾಸ್ತಿ ಎದ್ದು ಕಾಣುತ್ತೆ ಅಲ್ವಾ?

ಅಮ್ಮನ ಕೆನೆ ಬಣ್ಣ ದೇವರ ಕೋಣೆಗೆ ಹೋಯಿತು. ಅಲ್ಲಿ ನೆಲಕ್ಕೆ ಬಿಳಿ ಟೈಲ್ಸ್. ಕಾರ್ಡಿನಲ್ಲಿ ಹೇಗಿತ್ತೋ ಗೋಡೆ ಮೇಲೂ ಹಾಗೇ ಬಂದಿದೆ.