ಬಣ್ಣವಿಲ್ಲದ ಹನಿಯಿಂದ ಬಣ್ಣ ಬರಿಸುವುದು ಹೇಗೆ?

ನವಿಲುಗರಿಯ ನೀಲಿ ಭಾಗವನ್ನು ನುಣ್ಣಗೆ ಅರೆದರೆ ಸಿಗುವುದು ಕಂದು ಪುಡಿ. ನೀಲಿ ಎಲ್ಲಿ ಹೋಯಿತು? ಗರಿಯಲ್ಲಿ ನೀಲಿ ಬಣ್ಣ ಇರಲೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳು ಒಪ್ಪವಾಗಿ ಸಾಲುಗಟ್ಟಿದ್ದವು, ಅಷ್ಟೇ. ಸಾಲು ಕೆಟ್ಟಿತು, ನೀಲಿಯೂ ಹೋಯಿತು.

ಇಂಥ ಬಣ್ಣವನ್ನು ಮನೆಯಲ್ಲೇ ಮಾಡಬಹುದು. ಬಣ್ಣವಿಲ್ಲದ ನೇಲ್ ಪಾಲಿಶ್, ಅಂಗೈಯಗಲದ ಕಪ್ಪು ಡ್ರಾಯಿಂಗ್ ಶೀಟ್, ಅಗಲ ತಟ್ಟೆ, ನೀರು ಇದ್ದರೆ ಸಾಕು.

ಮೊದಲು ಫ್ಯಾನ್ ನಿಲ್ಲಿಸಿ, ಕಿಟಕಿ ತೆಗೆಯಿರಿ. ಪಾಲಿಶ್‌ಗೆ ಬೇಗ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಬೇಡ. ತಟ್ಟೆಗೆ ನೀರು ತುಂಬಿ ಶೀಟನ್ನು ಪೂರ್ತಿ ಮುಳುಗಿಸಿ. ಈಗ ನೀರಿನ ಮೇಲೆ ಒಂದೇ ಒಂದು ಹನಿ ಪಾಲಿಶ್ ಬಿಡಿ. ಜಾಸ್ತಿ ಬಿಟ್ಟರೆ ಪೊರೆ ದಪ್ಪವಾಗಿ ಬಣ್ಣ ಮಂಕಾಗುತ್ತದೆ. ಹನಿ ಕಣ್ಣು ಮಿಟುಕಿಸುವಷ್ಟರಲ್ಲಿ ಹರಡಿಕೊಳ್ಳುತ್ತದೆ. ಶೀಟಿನ ಒಂದು ಅಂಚು ಹಿಡಿದು ನಿಧಾನವಾಗಿ ಮೇಲೆತ್ತಿ. ಪೊರೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೇರಳೆ, ಹಸಿರು, ಹೊನ್ನಿನ ಬಣ್ಣದ ಪಟ್ಟೆಗಳು! ಸ್ವಲ್ಪ ತಿರುಗಿಸಿದರೂ ಬಣ್ಣ ಸರಿಯುತ್ತದೆ. ನನಗೆ ಇವತ್ತಿಗೂ ಇದು ಅಚ್ಚರಿಯೇ.

ಆಗಿದ್ದೇನು? ಈ ಪೊರೆ ಕಾಗದಕ್ಕಿಂತ ನೂರಾರು ಪಟ್ಟು ತೆಳು. ಬೆಳಕಿನ ಒಂದು ಪಾಲು ಪೊರೆಯ ಮೇಲಿನಿಂದ ವಾಪಸ್ ಬರುತ್ತದೆ, ಇನ್ನೊಂದು ಪಾಲು ಒಳಹೊಕ್ಕು ತಳದಿಂದ ಬರುತ್ತದೆ. ಎರಡೂ ಅಲೆಗಳ ಏರು ಏರಿಗೆ ಕೂಡಿದರೆ ಆ ಬಣ್ಣ ಗಾಢವಾಗುತ್ತದೆ. ಏರಿಗೆ ಇಳಿವು ಎದುರಾದರೆ ಆ ಬಣ್ಣ ಅಳಿಸಿಹೋಗುತ್ತದೆ. ನೀಲಿ ಅಲೆಯ ಉದ್ದ ಸುಮಾರು 450 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್), ಕೆಂಪಿನದು ಸುಮಾರು 650. ಹಾಗಾಗಿ ಪೊರೆಯ ದಪ್ಪ ಚೂರು ಬದಲಾದರೂ ಗೆಲ್ಲುವ ಬಣ್ಣ ಬೇರೆ. ಕಪ್ಪು ಶೀಟ್ ಯಾಕೆ ಅಂತೀರಾ? ಪೊರೆ ದಾಟಿದ ಬೆಳಕನ್ನು ಅದು ನುಂಗಿಬಿಡುತ್ತದೆ. ಬಿಳಿ ಹಾಳೆಯಲ್ಲೂ ಒಮ್ಮೆ ಮಾಡಿ ನೋಡಿ, ಬಣ್ಣ ಕಂಡೂ ಕಾಣದಂತಿರುತ್ತದೆ.

ನಮ್ಮ ರಾಜ್ಯಪಕ್ಷಿ ನೀಲಕಂಠದ ನೀಲಿಯೂ ಗರಿಯ ಒಳರಚನೆಯದೇ. ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ 1934ರಲ್ಲೇ ಅದರ ಬಗ್ಗೆ ಪ್ರಬಂಧ ಬರೆದಿದ್ದರು. 2012ರಲ್ಲಿ ಸಿಂಗಪುರದ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಬೆಳ್ಳಿ, ಚಿನ್ನದ ಲೇಪವಿರುವ ನ್ಯಾನೋ ಕಂಬಗಳನ್ನು ನಿಲ್ಲಿಸಿ, ಶಾಯಿಯೇ ಇಲ್ಲದೆ ಇಂಚಿಗೆ ಸುಮಾರು 1 ಲಕ್ಷ ಚುಕ್ಕಿಗಳ ಬಣ್ಣದ ಚಿತ್ರ ಮುದ್ರಿಸಿದರು. ಕಂಬ ಎಷ್ಟು ದಪ್ಪ, ಪಕ್ಕದ ಕಂಬ ಎಷ್ಟು ದೂರ ಅನ್ನುವುದರ ಮೇಲೆಯೇ ಪ್ರತಿ ಚುಕ್ಕಿಯ ಬಣ್ಣ ನಿಂತಿತ್ತು.