ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ಆ ಒಂದು ಅಕ್ಷರ: ಓದುವುದು ಹೇಗೆ?

ಹಾಸನದ ಕಡೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿದ ಹೆಂಗಸರು ಹೆಚ್ಚಾಗಿ ಕೇಳುವುದು ಒಂದೇ: ‘ಗಂಟು ಇದೆಯಾ, ಇಲ್ವಾ?’ ಇಲ್ಲ ಅಂದರೆ ರಿಪೋರ್ಟು ಸೀದಾ ಬೀರುವಿಗೆ. ಹಾಗೆ ಎತ್ತಿಡುವ ಮೊದಲು ಇನ್ನೊಂದು ಸಾಲನ್ನೂ ಓದಿ: ಸ್ತನದ ಸಾಂದ್ರತೆ.

ಪರೀಕ್ಷೆಗೆ ಹೋಗುವಾಗ: ಮುಟ್ಟು ನಿಲ್ಲದವರು ಮುಟ್ಟು ಮುಗಿದ ನಂತರದ ವಾರ ಹೋಗಿ, ನೋವು ಕಡಿಮೆ. ಅವತ್ತು ಎದೆಗೆ, ಕಂಕುಳಿಗೆ ಪೌಡರ್, ಸೆಂಟ್ ಬೇಡ. ಚಿತ್ರದಲ್ಲಿ ಅವು ಸುಣ್ಣದ ಚುಕ್ಕಿಯ ಹಾಗೆ ಕಾಣಬಹುದು. ಹಳೆಯ ಫಿಲಂ ಇದ್ದರೆ ಒಯ್ಯಿರಿ.

ರಿಪೋರ್ಟು ಬಂದಾಗ: ಸ್ತನದ ಸಾಂದ್ರತೆಯ ಸಾಲು ಹುಡುಕಿ. ಸಾಮಾನ್ಯವಾಗಿ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ ಇರುತ್ತದೆ. ಎ ಅಂದರೆ ಬಹುಪಾಲು ಕೊಬ್ಬು. ಡಿ ಅಂದರೆ ಹಾಲಿನ ಗ್ರಂಥಿ, ನಾರು ತುಂಬಾ ಜಾಸ್ತಿ. ಸಿ, ಡಿ ಎರಡನ್ನೂ ದಟ್ಟ ಸ್ತನ ಎನ್ನುತ್ತಾರೆ. ಇದು ಕಾಯಿಲೆಯಲ್ಲ. 40 ದಾಟಿದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರದ್ದು ಹೀಗೆಯೇ. ಕೈಯಲ್ಲಿ ಮುಟ್ಟಿ ಇದನ್ನು ಹೇಳಲು ಆಗುವುದಿಲ್ಲ, ಮ್ಯಾಮೊಗ್ರಾಂನಲ್ಲೇ ನೋಡಬೇಕು.

ಇದಕ್ಕೆ ಯಾಕಿಷ್ಟು ಗಮನ? ಚಿತ್ರದಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಗಂಟೂ ಬೆಳ್ಳಗೇ! ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಎದುರು ಬರುವ ಬಿಳಿ ಕಾರಿನ ಹಾಗೆ, ಇದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಜೊತೆಗೆ, ಎ ಗುಂಪಿನವರಿಗೆ ಹೋಲಿಸಿದರೆ ಡಿ ಗುಂಪಿನವರಿಗೆ ಕ್ಯಾನ್ಸರ್ ಬರುವ ಸಂಭವ 4ರಿಂದ 6 ಪಟ್ಟು ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಡಿ ಬಂದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಕಾಯಿಲೆ ಬಂದ ಮೇಲೆ ಬದುಕುಳಿಯುವ ಲೆಕ್ಕವೇ ಬೇರೆ. ಅದನ್ನು ಮುಖ್ಯವಾಗಿ ತೀರ್ಮಾನಿಸುವುದು ಗಂಟಿನ ಗಾತ್ರ, ಕಂಕುಳಿಗೆ ಹರಡಿದೆಯೇ ಎಂಬುದು, ಗಂಟಿನ ತುಣುಕಿನ ಮೇಲೆ ಮಾಡುವ ಹಾರ್ಮೋನ್ ಮತ್ತು ಹರ್-2 (ಒಂದು ಪ್ರೋಟೀನ್) ಪರೀಕ್ಷೆಯ ಫಲ. ಸಾಂದ್ರತೆಯ ಅಕ್ಷರ ಅಲ್ಲ.

ಇಲ್ಲೇ ಬಹಳ ಜನ ಗಾಬರಿಯಾಗುತ್ತಾರೆ. ಅದೇ ಹಾಳೆಯಲ್ಲಿ ಬೈ-ರ್ಯಾಡ್ಸ್ ಎಂದು 0ರಿಂದ 6ರವರೆಗಿನ ಒಂದು ಅಂಕಿಯೂ ಇರುತ್ತದೆ. ಅಕ್ಷರಕ್ಕೂ ಅಂಕಿಗೂ ಸಂಬಂಧ ಕಟ್ಟಬೇಡಿ. 0 ಬಂದರೆ ಇನ್ನಷ್ಟು ಚಿತ್ರ ಬೇಕು. 1, 2 ಬಂದರೆ ಚಿಂತೆಯಿಲ್ಲ. 3 ಬಂದರೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಬಂದರೆ ಬಯಾಪ್ಸಿ, ಅಂದರೆ ಚಿಕ್ಕ ತುಣುಕು ತೆಗೆದು ಪರೀಕ್ಷೆ. 6 ಅಂದರೆ ಕ್ಯಾನ್ಸರ್ ಎಂದು ಮೊದಲೇ ಖಚಿತವಾಗಿದೆ.

ಡಾಕ್ಟರ ಹತ್ತಿರ: ಸಿ ಅಥವಾ ಡಿ ಇದ್ದರೆ ‘ಅಲ್ಟ್ರಾಸೌಂಡ್ ಕೂಡ ಬೇಕಾ?’ ಎಂದು ಕೇಳಿ. ಅಮ್ಮನಿಗೋ ಅಕ್ಕನಿಗೋ ಕಾಯಿಲೆ ಇದ್ದದ್ದನ್ನು ಸಂಕೋಚ ಬಿಟ್ಟು ಹೇಳಿ. ರಿಪೋರ್ಟು ಚೆನ್ನಾಗಿದ್ದರೂ ಹೊಸ ಗಂಟು ಕೈಗೆ ಸಿಕ್ಕರೆ ಕಾಫಿ ಕುಯ್ಲು ಮುಗಿಯಲಿ ಎಂದು ಕಾಯಬೇಡಿ. ಆ ವಾರವೇ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೋ, ಹತ್ತಿರದ ಸರ್ಜನ್ ಬಳಿಗೋ ಹೋಗಿ ತೋರಿಸಿ.